ಡಿಕಂಪ್ರೆಸಿವ್ ಕ್ರೇನಿಯೆಕ್ಟಮಿ: ಬುರುಡೆಯ ಮೂಳೆ ತೆಗೆದಿಡುವ ಆಪರೇಷನ್

ತಲೆಗೆ ಜೋರು ಪೆಟ್ಟು ಬಿದ್ದು ಐಸಿಯು ಸೇರಿದವರ ಮನೆಯವರು ಕೆಲವೊಮ್ಮೆ ಈ ಮಾತು ಕೇಳಬೇಕಾಗುತ್ತದೆ: 'ಮಿದುಳು ಊದಿಕೊಂಡಿದೆ, ಬುರುಡೆಯ ಮೂಳೆ ತೆಗೆದಿಡಬೇಕು.' ಆ ಆಪರೇಷನ್ನಿನ ಹೆಸರೇ ಡಿಕಂಪ್ರೆಸಿವ್ ಕ್ರೇನಿಯೆಕ್ಟಮಿ. ಕ್ರೇನಿಯಾಟಮಿ ಬೇರೆ. ಅದರಲ್ಲಿ ಮೂಳೆ ಬಿಚ್ಚಿ, ಒಳಗಿನ ಕೆಲಸ ಮುಗಿಸಿ, ಮತ್ತೆ ಅಲ್ಲೇ ಕೂರಿಸುತ್ತಾರೆ. ಇಲ್ಲಿ ಮೂಳೆಯನ್ನು ಬೇಕೆಂದೇ ಹೊರಗೆ ಉಳಿಸುತ್ತಾರೆ.

ಯಾಕೆ? ದೊಡ್ಡವರ ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿರುವುದು ಮಿದುಳು, ರಕ್ತ, ಮಿದುಳಿನ ಸುತ್ತಲ ನೀರು, ಈ ಮೂರೇ. ಮಿದುಳು ಊದಿಕೊಂಡರೆ ಮೊದಲು ಆ ನೀರು, ಆಮೇಲೆ ರಕ್ತ ಜಾಗ ಬಿಟ್ಟುಕೊಡುತ್ತವೆ. ಅದೂ ಮುಗಿದ ಮೇಲೆ ಒತ್ತಡ ಸರ್ರನೆ ಏರುತ್ತದೆ. ಮಲಗಿರುವ ಆರೋಗ್ಯವಂತರಲ್ಲಿ ಈ ಒತ್ತಡ ಸಾಮಾನ್ಯವಾಗಿ 15 ಮಿ.ಮೀ. ಪಾದರಸದ ಒಳಗೇ ಇರುತ್ತದೆ. 20-25 ದಾಟಿ ಅಲ್ಲೇ ನಿಂತರೆ ಮಿದುಳಿಗೆ ರಕ್ತ ಸಾಲುವುದಿಲ್ಲ. ಇನ್ನೂ ಏರಿದರೆ ಮಿದುಳು ಕೆಳಗೆ ಜಾರಿ, ಉಸಿರಾಟ ನಡೆಸುವ ಭಾಗವನ್ನೇ ಅದುಮಿಬಿಡುತ್ತದೆ.

ಹಾಗಂತ ಮೊದಲೇ ಮೂಳೆಗೆ ಕೈ ಹಾಕುವುದಿಲ್ಲ. ತಲೆಯ ಕಡೆ ಮಂಚ ಎತ್ತರಿಸುತ್ತಾರೆ, ಮಂಪರಿನ ಔಷಧಿ ಕೊಡುತ್ತಾರೆ, ಮ್ಯಾನಿಟಾಲ್ ಅಥವಾ ಗಟ್ಟಿ ಉಪ್ಪುನೀರಿನ ಡ್ರಿಪ್ ಹಾಕುತ್ತಾರೆ. ಇದಕ್ಕೆಲ್ಲ ಬಗ್ಗದಿದ್ದಾಗ ಆಪರೇಷನ್ನಿನ ಮಾತು ಬರುತ್ತದೆ. ತೆಗೆಯುವ ಮೂಳೆ ಚಿಕ್ಕದಲ್ಲ, ಸುಮಾರು 12-15 ಸೆಂ.ಮೀ. ಅಗಲದ್ದು. ಕಿಂಡಿ ಚಿಕ್ಕದಾದರೆ ಊದಿದ ಮಿದುಳು ಅದರ ಅಂಚಿಗೇ ಸಿಕ್ಕಿಕೊಂಡು ನಲುಗುತ್ತದೆ. ಮಿದುಳಿನ ಮೇಲಿನ ಗಟ್ಟಿ ಪೊರೆಯನ್ನೂ ಬಿಡಿಸಿ, ಸಡಿಲವಾಗಿ ತೇಪೆ ಹಾಕಿ, ಚರ್ಮ ಹೊಲಿಯುತ್ತಾರೆ.

ಮನೆಯವರು ಅರಿತುಕೊಳ್ಳಲೇಬೇಕಾದ ವಿಷಯ ಇಲ್ಲಿದೆ. ಈ ಆಪರೇಷನ್ ಜಾಗ ಮಾಡಿಕೊಡುತ್ತದೆ ಅಷ್ಟೇ. ಪೆಟ್ಟಾದ ಮಿದುಳನ್ನು ರಿಪೇರಿ ಮಾಡುವುದಿಲ್ಲ.

ಇದನ್ನು ಎರಡು ದೊಡ್ಡ ಅಧ್ಯಯನಗಳು ಚೆನ್ನಾಗಿ ತೋರಿಸಿವೆ. 2011ರ ಡೆಕ್ರಾದಲ್ಲಿ 155 ಜನರಿದ್ದರು. ಒತ್ತಡ 20 ದಾಟಿ ಸ್ವಲ್ಪ ಹೊತ್ತಿಗೇ ಕೆಲವರಿಗೆ ಆಪರೇಷನ್ ಮಾಡಿದರು. ಒತ್ತಡವೇನೋ ಇಳಿಯಿತು. ಆದರೆ ಆರು ತಿಂಗಳ ಮೇಲೆ ನೋಡಿದರೆ ಆಪರೇಷನ್ ಆದವರಲ್ಲಿ ಶೇ. 70 ಜನರ ಸ್ಥಿತಿ ಕೆಟ್ಟದಾಗಿತ್ತು, ಬರೀ ಔಷಧಿ ಪಡೆದವರಲ್ಲಿ ಶೇ. 51. ಆಪರೇಷನ್ ಗುಂಪಿಗೆ ಮೊದಲೇ ಹೆಚ್ಚು ಗಂಭೀರವಾಗಿದ್ದವರು ಬಿದ್ದಿದ್ದರು ಎಂಬುದನ್ನೂ ಹೇಳಬೇಕು. ಆ ಲೆಕ್ಕ ಸರಿಹೊಂದಿಸಿದರೆ ಅಂತರ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಆದರೂ ಲಾಭ ಅಂತೂ ಕಾಣಲಿಲ್ಲ.

2016ರ ರೆಸ್ಕ್ಯೂ-ಐಸಿಪಿಯಲ್ಲಿ 408 ಜನ. ಇಲ್ಲಿ ಒತ್ತಡ 25 ದಾಟಿ, ಔಷಧಿಗೂ ಬಗ್ಗದವರನ್ನು ಮಾತ್ರ ತೆಗೆದುಕೊಂಡರು. ಆರು ತಿಂಗಳಲ್ಲಿ ಸಾವು ಶೇ. 49ರಿಂದ 27ಕ್ಕೆ ಇಳಿಯಿತು. ದೊಡ್ಡ ಲಾಭವೇ, ಅಲ್ವಾ? ಆದರೆ ಕಣ್ಣು ಬಿಟ್ಟರೂ ಅರಿವಿಲ್ಲದ ಸ್ಥಿತಿಯಲ್ಲಿ ಉಳಿದವರು ಶೇ. 2ರಿಂದ 8.5ಕ್ಕೆ ಏರಿದರು. ಪೂರ್ತಿ ಚೇತರಿಸಿಕೊಂಡವರು ಎರಡೂ ಕಡೆ ಕೆಲವರೇ. ವರ್ಷದ ಹೊತ್ತಿಗೆ ಚಿತ್ರ ಸ್ವಲ್ಪ ಸುಧಾರಿಸಿತು. ಮನೆಯೊಳಗಾದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಷ್ಟು ಅಥವಾ ಅದಕ್ಕಿಂತ ಚೆನ್ನಾಗಿ ಆದವರು ಆಪರೇಷನ್ ಗುಂಪಿನಲ್ಲಿ ಶೇ. 45, ಇನ್ನೊಂದರಲ್ಲಿ ಶೇ. 32.

'ಜೀವ ಉಳಿಯುತ್ತಾ?' ಅಂತ ಕೇಳುವುದು ಸಹಜ. ಜೊತೆಗೆ 'ಉಳಿದರೆ ಹೇಗಿರುತ್ತಾರೆ?' ಅಂತಲೂ ಕೇಳಿ. ಸಹಿ ಹಾಕಿಸಿಕೊಳ್ಳುವ ಮೊದಲು ಡಾಕ್ಟರು ತಾವಾಗಿಯೇ ಎರಡಕ್ಕೂ ಉತ್ತರ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವಯಸ್ಸು, ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸುತ್ತಿದೆಯೇ, ಸಿಟಿ ಸ್ಕ್ಯಾನಿನಲ್ಲಿ ಏನಿದೆ, ಇವುಗಳ ಮೇಲೆ ಉತ್ತರ ಬದಲಾಗುತ್ತದೆ.

ದೊಡ್ಡ ಸ್ಟ್ರೋಕ್ ಆಗಿ ಮಿದುಳಿನ ಒಂದು ಬದಿ ಊದಿದಾಗಲೂ ಇದೇ ಆಪರೇಷನ್. ಯುರೋಪಿನ ಮೂರು ಅಧ್ಯಯನಗಳ 93 ರೋಗಿಗಳನ್ನು ಸೇರಿಸಿ ನೋಡಿದಾಗ, 60 ವರ್ಷದ ಒಳಗಿನವರಿಗೆ 48 ಗಂಟೆಯೊಳಗೆ ಮಾಡಿದರೆ ಒಂದು ವರ್ಷ ಬದುಕುವವರು ಶೇ. 29ರಿಂದ 78ಕ್ಕೆ ಏರಿದ್ದರು. ಇಲ್ಲಿ ತಡ ಮಾಡುವಂತಿಲ್ಲ. 60 ದಾಟಿದವರಲ್ಲೂ ಜೀವ ಉಳಿಯುತ್ತದೆ, ಆದರೆ ಹೆಚ್ಚಿನವರಿಗೆ ನಡೆಯುವುದಕ್ಕೂ ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆಸರೆ ಬೇಕಾಗುತ್ತದೆ.

ತೆಗೆದ ಮೂಳೆಯನ್ನು ಡೀಪ್ ಫ್ರೀಜರಿನಲ್ಲಿ ಇಡುತ್ತಾರೆ, ಇಲ್ಲವೇ ರೋಗಿಯದೇ ಹೊಟ್ಟೆಯ ಚರ್ಮದ ಕೆಳಗೆ ಹೊಲಿದು ಕಾಪಾಡುತ್ತಾರೆ. ಹೊಟ್ಟೆಯ ಮೇಲಿನ ಹೊಲಿಗೆ ನೋಡಿ ಗಾಬರಿಯಾಗಬೇಡಿ. ಅಲ್ಲಿಂದ ಮುಂದೆ ಮೂಳೆ ಇಲ್ಲದ ಬದಿಗೆ ಮಲಗಿಸಬಾರದು, ಒತ್ತಬಾರದು. ಎದ್ದು ಓಡಾಡುವಾಗ ಹೆಲ್ಮೆಟ್ ಬೇಕು. ಆ ಜಾಗ ಏಕಾಏಕಿ ಬಿಗಿಯಾಗಿ ಉಬ್ಬಿದರೆ, ಮಂಪರು ಹೆಚ್ಚಾದರೆ, ಫಿಟ್ಸ್ ಬಂದರೆ ಅಥವಾ ಗಾಯ ಒಸರಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಊತ ಇಳಿದ ಮೇಲೆ, ಕೆಲವು ವಾರ ಅಥವಾ ತಿಂಗಳು ಬಿಟ್ಟು, ಮೂಳೆ ಮರಳಿ ಕೂರಿಸುತ್ತಾರೆ. ಇದಕ್ಕೆ ಕ್ರೇನಿಯೊಪ್ಲಾಸ್ಟಿ ಎನ್ನುತ್ತಾರೆ. ಸೋಂಕು ತಗುಲಿದ್ದರೆ ಅಥವಾ ಮೂಳೆ ಚೂರಾಗಿದ್ದರೆ ಟೈಟಾನಿಯಂ ಇಲ್ಲವೇ ಬೋನ್ ಸಿಮೆಂಟ್ ಬಳಸುತ್ತಾರೆ. ಇದು ಬರೀ ಅಂದಕ್ಕಲ್ಲ. ಚರ್ಮ ಒಳಗೆ ಕುಸಿದು ತಲೆನೋವು, ತಲೆಸುತ್ತು, ಕೈಕಾಲಿನ ನಿಶ್ಶಕ್ತಿಯಿಂದ ಬಳಲುತ್ತಿದ್ದ ಕೆಲವರು ಮೂಳೆ ಕೂರಿಸಿದ ಮೇಲೆ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತಾರೆ.