ಎಡತೋಳು ಮೆಟ್ಟಿಲು, ಬಲತೋಳು ಬುತ್ತಿ: ಸ್ಕೌಟ್ ಬ್ಯಾಡ್ಜ್ ಓದುವ ಬಗೆ

ಸ್ಕೌಟ್‌ನಲ್ಲಿ ಒಂದು ಹಂತದಿಂದ ಮುಂದಿನದಕ್ಕೆ ಏರಲು ಬರೆಯುವ ಸೋಪಾನ ಪರೀಕ್ಷೆಗೆ ಓದುವವರಿಗೆ ಒಂದು ಪ್ರಶ್ನೆಯಲ್ಲಿ ಮಾತ್ರ ತಲೆ ಕೆಡುತ್ತದೆ: ಯಾವ ಬ್ಯಾಡ್ಜ್ ಎಲ್ಲಿ? ಬರೀ ಬಾಯಿಪಾಠ ಮಾಡಿದರೆ ಎರಡು ದಿನಕ್ಕೆ ಮರೆತುಹೋಗುತ್ತದೆ. ಯಾಕೆ ಅಲ್ಲಿ ಅಂತ ಗೊತ್ತಾದರೆ ಮರೆಯುವುದಿಲ್ಲ.

ಕೊಡಗಿನವರಿಗೆ ಇದು ಹೊಸದೇನಲ್ಲ. ಸೈನ್ಯದಲ್ಲಿದ್ದವರ ಫೋಟೊ ನಮ್ಮ ಎಷ್ಟೋ ಮನೆಗಳ ಗೋಡೆಯಲ್ಲಿದೆ. ನಮ್ಮನೆಯಲ್ಲಿ ಅಜ್ಜನದ್ದು. ಎದೆಯ ಎಡಗಡೆ ರಿಬ್ಬನ್‌ಗಳ ಸಾಲು. ಚಿಕ್ಕವನಿದ್ದಾಗ ಅಲಂಕಾರ ಅಂದುಕೊಂಡಿದ್ದೆ. ಒಂದೊಂದಕ್ಕೂ ಅರ್ಥ ಇದೆ, ಸಾಲಿಗೂ ಕ್ರಮ ಇದೆ ಅಂತ ಮಾವ ಬೆರಳಿಟ್ಟು ತೋರಿಸಿದರು. ಸ್ಕೌಟ್ ಷರ್ಟನ್ನೂ ಹಾಗೇ ಓದಬೇಕು. ನಮ್ಮ ಬ್ಯಾಡ್ಜ್‌ನ ಬೇರು ಕೂಡ ಸೈನ್ಯದಲ್ಲೇ ಇದೆ. ಸ್ಕೌಟ್ ಚಳವಳಿ ಶುರುಮಾಡಿದ ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1897ರಲ್ಲಿ ಭಾರತಕ್ಕೆ ಬಂದು ಕುದುರೆ ದಳವೊಂದನ್ನು ನಡೆಸುವಾಗ, ಬೇಹಿನ ತರಬೇತಿ ಮುಗಿಸಿದ ಸಿಪಾಯಿಗಳಿಗೆ ಬಾಣದ ಮೊನೆಯಂಥ ಬ್ಯಾಡ್ಜ್ ಕೊಡುತ್ತಿದ್ದರು. ದಿಕ್ಸೂಚಿಯಲ್ಲಿ ಉತ್ತರ ತೋರಿಸುವ ಗುರುತು ಅದು. 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರ ಮೊದಲ ಶಿಬಿರ ನಡೆಸಿದ್ದೂ ಅವರೇ.

ಈಗ ಜೇಬುಗಳಿಗೆ ಬನ್ನಿ. ಎಡ ಜೇಬಿನ ಮೇಲೆ ಸದಸ್ಯತ್ವದ ಬ್ಯಾಡ್ಜ್. ಅದರಲ್ಲಿ ಸ್ಕೌಟ್‌ನ ಲಿಲಿ ಹೂ, ಹುಡುಗಿಯರ ವಿಭಾಗವಾದ ಗೈಡ್‌ನ ಮೂರೆಲೆ, ನಡುವೆ ಅಶೋಕ ಚಕ್ರ. 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹುಟ್ಟಿ, ಮುಂದಿನ ವರ್ಷ ಗೈಡ್ಸ್ ಸಂಘವೂ ಸೇರಿ ಹುಡುಗರೂ ಹುಡುಗಿಯರೂ ಒಂದೇ ಸಂಸ್ಥೆಯಡಿ ಬಂದರಲ್ಲ, ಆ ಕಥೆ ಈ ಚಿಕ್ಕ ಬಟ್ಟೆಯ ತುಂಡಿನಲ್ಲಿದೆ. ಪ್ರತಿಜ್ಞೆ ಹೇಳಿದ ಮೇಲೇ ಇದು ಸಿಗುವುದು. ಪ್ರತಿಜ್ಞೆ, ಎದೆ, ಎಡಭಾಗ: ಹೀಗೆ ನೆನಪಿಟ್ಟುಕೊಳ್ಳಿ.

ಬಲ ಜೇಬಿನದು ವಿಶ್ವ ಸ್ಕೌಟ್ ಬ್ಯಾಡ್ಜ್. ನೇರಳೆ ಬಣ್ಣದ ಮೇಲೆ ಬಿಳಿ ಲಿಲಿ, ಸುತ್ತ ಹಗ್ಗ, ಕೆಳಗೆ ಹಗ್ಗದ ಎರಡು ತುದಿ ಸೇರಿಸುವ ರೀಫ್ ನಾಟ್ ಗಂಟು. ಮೂರು ದಳ ಅಂದರೆ ಪ್ರತಿಜ್ಞೆಯ ಮೂರು ಭಾಗ. ಎರಡು ನಕ್ಷತ್ರಗಳ ಮೂಲೆ ಎಣಿಸಿ, ಹತ್ತು ಇವೆ. ಹತ್ತು ನಿಯಮಗಳಿಗೆ ಅವು ಗುರುತು. ನಾವು ಹೇಳುವ ನಿಯಮ ಒಂಬತ್ತೇ! ಇಲ್ಲಿ ಜಾಸ್ತಿ ಜನ ತಪ್ಪುತ್ತಾರೆ. ನಕ್ಷತ್ರದ ಬಗ್ಗೆ ಕೇಳಿದರೆ ಹತ್ತು, ಭಾರತದ ಸ್ಕೌಟ್ ನಿಯಮ ಕೇಳಿದರೆ ಒಂಬತ್ತು.

ನನಗೆ ಬಹಳ ಇಷ್ಟವಾದದ್ದು ತೋಳುಗಳ ಲೆಕ್ಕ. ಎಡತೋಳಿನಲ್ಲಿ ಸೋಪಾನದ ಬ್ಯಾಡ್ಜ್. ಸೋಪಾನ ಅಂದರೆ ಮೆಟ್ಟಿಲು ಅಲ್ವಾ? ಪ್ರಥಮ, ದ್ವಿತೀಯ, ತೃತೀಯ, ಆಮೇಲೆ ರಾಜ್ಯ ಪುರಸ್ಕಾರ, ಕೊನೆಗೆ ರಾಷ್ಟ್ರಪತಿ ಪುರಸ್ಕಾರ. ನಿಂತಿರುವ ಮೆಟ್ಟಿಲು ಮಾತ್ರ ಕಾಣಬೇಕು. ದ್ವಿತೀಯ ಬಂದ ದಿನ ಪ್ರಥಮ ಬಿಚ್ಚಬೇಕು.

ಬಲತೋಳು ಹಾಗಲ್ಲ, ಅದು ಜೊತೆಗೆ ಒಯ್ಯುವ ಬುತ್ತಿ. ಅಲ್ಲಿ ಪ್ರಾವೀಣ್ಯ ಬ್ಯಾಡ್ಜ್‌ಗಳು ಸೇರುತ್ತಾ ಹೋಗುತ್ತವೆ. ಅಡುಗೆ, ಪ್ರಥಮ ಚಿಕಿತ್ಸೆ, ದಾರಿ ತೋರಿಸುವ ಪಾತ್‌ಫೈಂಡರ್. ಕಲಿತ ಕೆಲಸ ನಿಮ್ಮದೇ, ಅದನ್ನು ಯಾಕೆ ಬಿಚ್ಚಬೇಕು? ಪಾತ್‌ಫೈಂಡರ್‌ಗೆ ನಮ್ಮ ಜಿಲ್ಲೆಗಿಂತ ಒಳ್ಳೆ ಅಭ್ಯಾಸದ ಜಾಗ ಬೇಕಾ? ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ನಿಂತು, ತಲಕಾವೇರಿಗೆ ಹೋಗುವವರಿಗೆ ಭಾಗಮಂಡಲದ ದಾರಿ ತಡವರಿಸದೆ ಹೇಳಿ ನೋಡಿ. ಹತ್ತಿರದ ಆಸ್ಪತ್ರೆ, ಪೊಲೀಸ್ ಠಾಣೆ ಎಲ್ಲಿ ಅಂತಲೂ ಗೊತ್ತಿರಬೇಕು.

ಹೊಲಿಗೆಯ ವಿಷಯ ಒಂದು. ಮಳೆಗಾಲದಲ್ಲಿ ಸುಮ್ನೆ ಸೇಫ್ಟಿ ಪಿನ್ ಚುಚ್ಚಿ ಬಿಡಬೇಡಿ. ಜುಲೈನಲ್ಲಿ ನನ್ನ ಷರ್ಟ್ ಮೂರು ದಿನ ಒಲೆಯ ಮೇಲಿನ ಹಗ್ಗದಲ್ಲಿ ಒಣಗಿತು. ಪಿನ್ ತುಕ್ಕು ಹಿಡಿದು ಕಂದು ಕಲೆ ಉಳಿಯಿತು, ನಿಂಬೆಹುಳಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಆಮೇಲಿಂದ ಅಮ್ಮನ ಹತ್ತಿರ ಸೂಜಿ ಇಸಕೊಂಡು ನಾನೇ ಹೊಲಿಯುತ್ತೇನೆ. ಹಳೆಯದನ್ನು ಬಿಚ್ಚುವಾಗ ಎಳೆಯಬೇಡಿ, ಬ್ಲೇಡಿನ ತುದಿಯಲ್ಲಿ ಒಂದೊಂದೇ ದಾರ ಕತ್ತರಿಸಿ. ಪ್ರಥಮ ಸೋಪಾನ ಬಿಚ್ಚಿದಾಗ ಅದರ ಅಡಿಯ ಬಟ್ಟೆ ಮಾತ್ರ ಅಂಗಡಿಯಿಂದ ತಂದ ದಿನದ ಬಣ್ಣದಲ್ಲೇ ಇತ್ತು. ಆ ಬ್ಯಾಡ್ಜ್ ಈಗ ಅಜ್ಜನ ಫೋಟೊದ ಕೆಳಗಿನ ಡಬ್ಬಿಯಲ್ಲಿದೆ.