ಹಿಂದಿನ ಚಿನ್ ರಾಜ್ಯ ಮುಳುಗಿದ್ದು ಫೆಯ್ ನದಿಯಲ್ಲಲ್ಲ

ಚೀನಾದ ಇತಿಹಾಸವನ್ನು ಬೋಧಿಸುವ ನನಗೆ ಪ್ರತಿವರ್ಷದ ಉತ್ತರಪತ್ರಿಕೆಗಳಲ್ಲಿ ತಪ್ಪದೆ ಎದುರಾಗುವ ವಾಕ್ಯವೊಂದಿದೆ: "ಕ್ರಿ.ಶ. 383ರಲ್ಲಿ ಫೆಯ್ ನದಿಯ ಕಾಳಗದಲ್ಲಿ ಸೋತು ಹಿಂದಿನ ಚಿನ್ ರಾಜ್ಯ ನಾಶವಾಯಿತು." ಹೀಗೆ ಬರೆಯುವವರು ದಡ್ಡರಲ್ಲ, ಚೆನ್ನಾಗಿ ಓದಿಕೊಂಡ ಮಕ್ಕಳೇ; ಅದರಿಂದಲೇ ನನಗೆ ಹೆಚ್ಚು ಬೇಸರ.

ಹಿಂದಿನ ಚಿನ್ ಎಂದರೆ ನಾಲ್ಕನೆಯ ಶತಮಾನದಲ್ಲಿ ಉತ್ತರ ಚೀನಾವನ್ನು ಆಳಿದ ರಾಜ್ಯ; ಫೆಯ್ ನದಿಯಲ್ಲಿ ಅದನ್ನು ಸೋಲಿಸಿದ್ದು ದಕ್ಷಿಣದ ಜಿನ್ ರಾಜ್ಯ. ಆ ಕಾಳಗದಲ್ಲಿ ಚಿನ್ ಸೇನೆಯಲ್ಲಿ 8,70,000 ಮಂದಿ ಇದ್ದರೆಂಬ ಲೆಕ್ಕ ಏಳನೆಯ ಶತಮಾನದಲ್ಲಿ ಟಾಂಗ್ ರಾಜವಂಶದ ಆಸ್ಥಾನ ಬರೆಯಿಸಿದ ಜಿನ್ ವಂಶದ ಇತಿಹಾಸದ್ದು. ಅದನ್ನು ಎಚ್ಚರದಿಂದ ಬಳಸಬೇಕು. ಲೆಕ್ಕ ಏನೇ ಇರಲಿ, ಸೋತ ಸೇನೆಯನ್ನು ಮತ್ತೆ ಕಟ್ಟಬಹುದಿತ್ತು. ರಾಜ್ಯವನ್ನೇ ಗಟ್ಟಿಯಾಗಿ ಕಟ್ಟಿರಲಿಲ್ಲ. ಚಿನ್ ಅರಸ ಫು ಜಿಯಾನ್ 370ರಲ್ಲಿ ಶಿಯಾನ್‌ಬೇ ಜನಾಂಗದ ಮುರೊಂಗ್ ಮನೆತನ ಆಳುತ್ತಿದ್ದ ಯಾನ್ ರಾಜ್ಯವನ್ನೂ 373ರಲ್ಲಿ ಸಿಚುವಾನ್ ಪ್ರದೇಶವನ್ನೂ 376ರಲ್ಲಿ ಲಿಯಾಂಗ್ ಮತ್ತು ದಾಯ್ ರಾಜ್ಯಗಳನ್ನೂ ಗೆದ್ದು, ಸೋತ ಮನೆತನಗಳ ಅನೇಕರಿಗೆ ಪದವಿ ಕೊಟ್ಟು ಹತ್ತಿರ ಇಟ್ಟುಕೊಂಡನು. ಅವರ ಜನರ ನಿಷ್ಠೆ ಮಾತ್ರ ತಮ್ಮ ಹಳೆಯ ನಾಯಕರಿಗೇ ಉಳಿಯಿತು. ಸಾಲದೆಂಬಂತೆ 380ರಲ್ಲಿ, ತನ್ನದೇ ಡೀ ಜನಾಂಗದ ಕುಟುಂಬಗಳನ್ನು ರಾಜಧಾನಿ ಚಾಂಗಾನ್ ಸುತ್ತಲಿನ ನಾಡಿನಿಂದ ದೂರದ ಕಾವಲು ನೆಲೆಗಳಿಗೆ ಕಳಿಸಿದನು. ಸೋತು ಬಂದ ಶಿಯಾನ್‌ಬೇ ಜನರಾದರೋ ರಾಜಧಾನಿಯ ಮಗ್ಗುಲಲ್ಲೇ ನೆಲೆಸಿದ್ದರು. ಮಂತ್ರಿ ವಾಂಗ್ ಮೆಂಗ್ 375ರಲ್ಲಿ ಸಾಯುವ ಮುನ್ನ, ದಕ್ಷಿಣದ ಜಿನ್ ರಾಜ್ಯದ ಮೇಲೆ ದಂಡೆತ್ತಬೇಡಿ, ಶಿಯಾನ್‌ಬೇ ಮತ್ತು ಚಿಯಾಂಗ್ ಜನಾಂಗಗಳ ನಾಯಕರೇ ನಮ್ಮ ಶತ್ರುಗಳು ಎಂದು ಸ್ಪಷ್ಟವಾಗಿ ಎಚ್ಚರಿಸಿದ್ದನು.

ಕಾಳಗದ ಮರುದಿನಗಳನ್ನು ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕು. ಸೋತು ಓಡಿದ ಫು ಜಿಯಾನ್ ಆಶ್ರಯ ಪಡೆದದ್ದು, 30,000 ಸೈನಿಕರ ಪಡೆಯನ್ನು ಒಡೆಯದೆ ಉಳಿಸಿಕೊಂಡಿದ್ದ ಶಿಯಾನ್‌ಬೇ ಸೇನಾನಿ ಮುರೊಂಗ್ ಚುಯಿಯಲ್ಲಿ. ರಾಜನನ್ನು ಈಗಲೇ ಮುಗಿಸಿಬಿಡೋಣ ಎಂದು ಮಗ ಮುರೊಂಗ್ ಬಾವೊ ಒತ್ತಾಯಿಸಿದರೂ, ತಾನು ದಿಕ್ಕಿಲ್ಲದೆ ಬಂದಾಗ ಆಸರೆ ಕೊಟ್ಟವನೆಂಬ ಋಣಕ್ಕೆ ಕಟ್ಟುಬಿದ್ದ ಚುಯಿ ಆ ಪಡೆಯನ್ನೇ ಅವನಿಗೆ ಒಪ್ಪಿಸಿದನು. ಬಳಿಕ, ಪೂರ್ವದ ಪ್ರಾಂತವನ್ನು ಶಾಂತಗೊಳಿಸಿ ಪೂರ್ವಿಕರ ಸಮಾಧಿಗಳನ್ನು ಕಂಡು ಬರುವೆನೆಂದು ಅಪ್ಪಣೆ ಕೇಳಿದನು. ಆಸ್ಥಾನದಲ್ಲಿ ವಿರೋಧವಿದ್ದರೂ ಫು ಜಿಯಾನ್ ಕಳಿಸಿಕೊಟ್ಟನು. 384ರಲ್ಲಿ ಚುಯಿ ತನ್ನದೇ ಯಾನ್ ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದನು.

ಅದೇ ವರ್ಷ ರಾಜಕುಮಾರ ಫು ರುಯಿ ಇನ್ನೊಂದು ದಂಗೆಯನ್ನು ಅಡಗಿಸಲು ಹೋಗಿ ಮಡಿದಾಗ, ಅವನ ಜೊತೆಗಿದ್ದ ಚಿಯಾಂಗ್ ನಾಯಕ ಯಾವೊ ಚಾಂಗ್ ಕ್ಷಮೆ ಬೇಡಿ ದೂತರನ್ನು ಕಳಿಸಿದನು. ಶತ್ರುಗಳನ್ನೂ ಉದಾರವಾಗಿ ನಡೆಸಿಕೊಂಡಿದ್ದ ಫು ಜಿಯಾನ್, ಪುತ್ರಶೋಕದಲ್ಲಿ ಆ ದೂತರನ್ನು ಕೊಲ್ಲಿಸಿದನು. ಹೆದರಿದ ಯಾವೊ ಚಾಂಗ್ ತಿರುಗಿಬಿದ್ದು, 385ರಲ್ಲಿ ಸೆರೆಸಿಕ್ಕ ಅರಸನನ್ನು ಬೌದ್ಧ ದೇಗುಲವೊಂದರಲ್ಲಿ ಕೊಲ್ಲಿಸಿದನು. ಫು ಮನೆತನದವರು ಆಮೇಲೂ 394ರವರೆಗೆ ಹೋರಾಡಿದರು.