ಕಾಕಾನನ್ನು ಒಯ್ದಿದ್ದು ಡೆಂಗಿಯೋ, ಸಕ್ಕರೆ ಕಾಯಿಲೆಯೋ?

ಗದಗದಿಂದ ಓದುಗರೊಬ್ಬರ ಪ್ರಶ್ನೆ: "ನಮ್ಮ ಕಾಕಾಗೆ 15 ವರ್ಷದಿಂದ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದವು. ಡೆಂಗಿ ಬಂತು, ಆರನೇ ದಿನ ತೀರಿಕೊಂಡರು. ಮಂದಿ 'ಸಕ್ಕರಿ ಇತ್ತಲ್ಲ, ಅದಕ್ಕ ಹೋದ್ರು' ಅಂತಾರೆ. ಯಾವುದರಿಂದ ಹೋದರು ಅಂತ ಡಾಕ್ಟರು ಹೇಗೆ ತೀರ್ಮಾನಿಸುತ್ತಾರೆ?"

ಯಾವ ಕಾಯಿಲೆ ಹಳೆಯದು, ಯಾವುದು ದೊಡ್ಡದು ಅಂತ ನೋಡಿ ಅಲ್ಲ. ಸಾವಿನವರೆಗೆ ಹೋದ ಸರಪಳಿ ಎಲ್ಲಿಂದ ಶುರುವಾಯಿತು ಅಂತ ನೋಡಿ.

ಆಸ್ಪತ್ರೆಯಲ್ಲಿ ತೀರಿಕೊಂಡರೆ ಡಾಕ್ಟರು ನಮೂನೆ 4 ಅನ್ನುವ, ಸಾವಿನ ಕಾರಣ ಬರೆಯುವ ಪತ್ರ ತುಂಬುತ್ತಾರೆ. ಮನೆಯಲ್ಲಾದರೆ, ಕೊನೆಯ ಕಾಯಿಲೆಗೆ ನೋಡುತ್ತಿದ್ದ ಡಾಕ್ಟರು 4ಎ. ಅದರಲ್ಲಿ ಎರಡು ಭಾಗ. ಮೊದಲನೆಯದನ್ನು ಹಿಂದಕ್ಕೆ ಹೋಗುತ್ತಾ ಬರೆಯಬೇಕು: ಕೊನೆಗೆ ಜೀವ ತೆಗೆದದ್ದು ಏನು, ಅದು ಯಾವುದರಿಂದ ಬಂತು, ಅದಕ್ಕೂ ಹಿಂದೆ ಏನಿತ್ತು, ಪ್ರತಿಯೊಂದೂ ಶುರುವಾಗಿ ಎಷ್ಟು ದಿನವಾಗಿತ್ತು. ಎಲ್ಲಕ್ಕಿಂತ ಕೆಳಗಿನ ಸಾಲೇ ಮೂಲ ಕಾರಣ. ಸರಪಳಿಯಲ್ಲಿ ಇಲ್ಲದಿದ್ದರೂ ದೇಹದ ಶಕ್ತಿ ಕುಗ್ಗಿಸಿದ ಕಾಯಿಲೆಗಳು ಎರಡನೇ ಭಾಗಕ್ಕೆ ಹೋಗುತ್ತವೆ.

ನಿಮ್ಮ ಕಾಕಾ ಡೆಂಗಿ ಶಾಕ್‌ನಿಂದ, ಅಂದರೆ ಡೆಂಗಿ ಜೋರಾಗಿ ರಕ್ತದೊತ್ತಡ ಕುಸಿದು ಹೋಗಿದ್ದರೆ ಮೇಲಿನ ಸಾಲು ಅದು, ಕೆಳಗೆ ಡೆಂಗಿ. ಸಕ್ಕರೆ, ಬಿಪಿ ಎರಡನೇ ಭಾಗದಲ್ಲಿ. ಸಕ್ಕರೆ ಇಟ್ಟುಕೊಂಡೇ ಅವರು 15 ವರ್ಷ ಬಾಳಿದ್ದರು ಅಲ್ವಾ? 2020ರಲ್ಲಿ ಕೋವಿಡ್ ಸಾವಿಗೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದೇ ರೀತಿ ಬರೆಯಲು ಹೇಳಿತ್ತು.

ಆದರೆ ಸಕ್ಕರೆಯಿಂದ ಕಾಲು ಜೋಮು ಹಿಡಿದು, ಹುಣ್ಣಾಗಿ, ಅದು ಕೊಳೆತು, ನಂಜು ರಕ್ತಕ್ಕೆ ಏರಿ ಸತ್ತರೆ, ಅಲ್ಲಿ ಸಕ್ಕರೆ ಕಾಯಿಲೆಯೇ ಮೂಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದ ಅಜ್ಜಿ ಹಾಸಿಗೆ ಹಿಡಿದು, ತಿಂಗಳ ನಂತರ ನ್ಯುಮೋನಿಯಾದಿಂದ ಹೋದರೆ ಮೂಲ ಕಾರಣ ಆ ಬೀಳುವಿಕೆ. ಹೀಗೆ ಬಿದ್ದದ್ದು, ಅಪಘಾತ, ವಿಷ ಅಂತಾದರೆ ಪೊಲೀಸರಿಗೂ ತಿಳಿಸಬೇಕಾಗುತ್ತದೆ, ಮರಣೋತ್ತರ ಪರೀಕ್ಷೆಯೂ ಆಗಬಹುದು.

ಸುಮ್ನೆ "ಹೃದಯ ನಿಂತಿತು" ಅಂತ ಬರೆದರೆ ಅದು ಕಾರಣವೇ ಅಲ್ಲ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ.

"ಸಕ್ಕರಿ ಇತ್ತು ಬಿಡ್ರಿ" ಅನ್ನುವ ಮಾತು ನನಗೆ ಸಂಕಟ ತರುತ್ತದೆ. ನೀರು ಯಾವಾಗ ಬರುತ್ತದೋ ಅಂತ ಬ್ಯಾರಲ್, ತೊಟ್ಟಿಗಳಲ್ಲಿ ತುಂಬಿಡುವ ನಮ್ಮ ಊರುಗಳಲ್ಲಿ ಡೆಂಗಿ ಸೊಳ್ಳೆ ಅದೇ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ. ಸಾವು ಸಕ್ಕರೆಯ ಲೆಕ್ಕಕ್ಕೆ ಹೋದರೆ ಆ ಓಣಿಯ ತೊಟ್ಟಿಗಳನ್ನು ನೋಡಲು ಯಾರು ಬರುತ್ತಾರೆ?

ಇನ್ನೊಂದು ವಿಷಯ. ಪಾಲಿಕೆ, ನಗರಸಭೆಯಿಂದ ಸಿಗುವ ಮರಣ ಪ್ರಮಾಣ ಪತ್ರದಲ್ಲಿ ಕಾರಣ ಇರುವುದಿಲ್ಲ, ಕಾನೂನೇ ಹಾಗಿದೆ. ಕಾರಣ ಬರೆದ ಪತ್ರ, ಅಂದರೆ ಆ ನಮೂನೆ 4 ಅಥವಾ 4ಎ, ಬೇರೆ. ಜನನ-ಮರಣ ನೋಂದಣಿ ಕಾನೂನಿಗೆ 2023ರಲ್ಲಿ ಆದ ತಿದ್ದುಪಡಿಯ ನಂತರ ಅದರ ಪ್ರತಿಯನ್ನು ಹತ್ತಿರದ ಸಂಬಂಧಿಕರಿಗೂ ಕೊಡಬೇಕು, ಕೇಳಿ ಪಡೆಯಿರಿ. ಸಾವನ್ನು 21 ದಿನದೊಳಗೆ ನೋಂದಾಯಿಸಿ. ಡಾಕ್ಟರು ನಮೂನೆ ತುಂಬುವ ಮೊದಲೇ ಜ್ವರ ಯಾವ ದಿನ ಬಂತು, ಎಲ್ಲೆಲ್ಲಿ ತೋರಿಸಿದಿರಿ, ಯಾವ ಗುಳಿಗೆ ನಡೆದಿತ್ತು ಅಂತ ಹಳೆಯ ಚೀಟಿಗಳ ಸಮೇತ ಹೇಳಿ. ಆ ಹೊತ್ತಿನಲ್ಲಿ ಇದು ಕಷ್ಟ, ಗೊತ್ತು. ಮನೆಯ ಯಾರಾದರೂ ಒಬ್ಬರು ನಿಂತು ಹೇಳಿದರೂ ಸಾಕು.